ವಿಷ ಇಳಿದ ಮೇಲೆ

ಹಾವು ಕಚ್ಚಿ ಸತ್ತವರ ಸುದ್ದಿ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿಗಾದರೂ ಬರುತ್ತದೆ. ಕಚ್ಚಿಸಿಕೊಂಡು ಬದುಕಿ ಬಂದವರದ್ದು ಸುದ್ದಿಯಲ್ಲ. ಊರವರು ಬಂದು ಮಾತಾಡಿಸಿ, 'ಏನೋ, ಆಯಸ್ಸು ಗಟ್ಟಿ ಇತ್ತು' ಎಂದು ಹೇಳಿ ಎಳನೀರು ಕೊಟ್ಟು ಹೋಗುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ಆ ಹೆಸರಿನ ಮುಂದೆ 'ಗುಣಮುಖ' ಎಂದು ಬೀಳುತ್ತದೆ. ವೈದ್ಯರ, ಸರ್ಕಾರದ, ನೆಂಟರಿಷ್ಟರ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು. ಒಂದೆರಡು ವರ್ಷ ಕಳೆದು ಅದೇ ಮನುಷ್ಯ ಕಾಲು ಊದಿಸಿಕೊಂಡೋ, ಸದಾ ಸುಸ್ತು ಎಂದು ಗೋಳಾಡುತ್ತಲೋ ಬೇರೊಂದು ಆಸ್ಪತ್ರೆಯ ಸರದಿಯಲ್ಲಿ ನಿಂತಿರುತ್ತಾನೆ. ಇದಕ್ಕೂ ಆ ಹಾವಿಗೂ ನಂಟಿದೆಯೆಂದು ಅವನಿಗೂ ಹೊಳೆಯುವುದಿಲ್ಲ, ಎದುರು ಕೂತ ವೈದ್ಯರಿಗೂ ಹೊಳೆಯುವುದಿಲ್ಲ.

ಸಾವಿನ ಲೆಕ್ಕವೇ ನಮಗೆ ಬಹಳ ತಡವಾಗಿ ಸಿಕ್ಕಿತು. 'ಮಿಲಿಯನ್ ಡೆತ್ ಸ್ಟಡಿ' ಎಂಬ ದೊಡ್ಡ ಸಮೀಕ್ಷೆಯ ಆಧಾರದಲ್ಲಿ 2020ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ. ಸರಾಸರಿ ತೆಗೆದರೆ ವರ್ಷಕ್ಕೆ 58 ಸಾವಿರ. ಆಸ್ಪತ್ರೆಗಳ ದಾಖಲೆ ನಂಬಿಕೊಂಡಿದ್ದ ಸರ್ಕಾರಿ ಲೆಕ್ಕಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ಮನೆಮನೆಗೆ ಹೋಗಿ 'ನಿಮ್ಮಲ್ಲಿ ಯಾರು, ಹೇಗೆ ತೀರಿಕೊಂಡರು' ಎಂದು ಕೇಳಿದಾಗಲೇ ಈ ಸಂಖ್ಯೆ ಹೊರಬಿತ್ತು. ಅಂಥ ಪ್ರಶ್ನೆಯನ್ನು ಬದುಕಿದವರ ಬಗ್ಗೆ ಆ ಪ್ರಮಾಣದಲ್ಲಿ ಯಾರೂ ಕೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಜಗತ್ತಿನಲ್ಲಿ ವರ್ಷಕ್ಕೆ 81 ಸಾವಿರದಿಂದ 1.38 ಲಕ್ಷ ಜನ ಇದರಿಂದ ಸಾಯುತ್ತಾರೆ, ಅದರ ಸುಮಾರು ಮೂರು ಪಟ್ಟು ಜನ ಕೈ, ಕಾಲು, ಬೆರಳು ಕಳೆದುಕೊಳ್ಳುತ್ತಾರೆ ಇಲ್ಲವೇ ಇನ್ನಾವುದಾದರೂ ಶಾಶ್ವತ ಊನಕ್ಕೆ ಗುರಿಯಾಗುತ್ತಾರೆ ಎಂಬುದು ಅದರ ಅಂದಾಜು. ಗಮನಿಸಬೇಕು, ಇದು ಮುಖ್ಯವಾಗಿ ಕಣ್ಣಿಗೆ ಕಾಣುವ ಊನದ ಲೆಕ್ಕ. ಮೂತ್ರಪಿಂಡ ಅರ್ಧ ಕೆಟ್ಟವರು, ಮಿದುಳಿನ ಬುಡದಲ್ಲಿ ಒಂದು ಗ್ರಂಥಿ ಸತ್ತುಹೋದವರು, ಸಂಜೆಯಾದರೆ ಹಿತ್ತಲಿಗೆ ಇಳಿಯಲಾರದವರು ಈ ಲೆಕ್ಕಕ್ಕೆ ಬರುವುದು ಕಷ್ಟ.

ನಮ್ಮಲ್ಲಿ ಹೆಚ್ಚು ಜೀವ ತೆಗೆಯುವವು ನಾಲ್ಕು ಹಾವುಗಳು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆಸ್ಪತ್ರೆಯಲ್ಲಿ ಕೊಡುವ ಎಎಸ್‌ವಿ ಎಂಬ ಪ್ರತಿವಿಷದ ಇಂಜೆಕ್ಷನ್ ಈ ನಾಲ್ಕಕ್ಕೂ ಸೇರಿ ಮಾಡಿದ್ದು. ಹಾವಿನ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘದಿಂದ. 1978ರಲ್ಲಿ ಹುಟ್ಟಿದ ಸಂಘ ಅದು. ಎಎಸ್‌ವಿ ಜೀವ ಉಳಿಸುವ ಔಷಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕೆಲಸ ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕುವುದಷ್ಟೇ. ಕಳ್ಳನನ್ನು ಪೊಲೀಸರು ಹಿಡಿದ ಮಾತ್ರಕ್ಕೆ ಅವನು ಒಡೆದ ಬಾಗಿಲು ತಾನಾಗಿ ಸರಿಹೋಗುವುದಿಲ್ಲ. ಕಚ್ಚಿದ ಗಳಿಗೆಯಿಂದ ಮೊದಲ ವಯಲ್ ಮೈಗೆ ಹತ್ತುವವರೆಗೆ ಏನೇನು ಕೆಟ್ಟಿತೋ ಅದನ್ನು ಎಎಸ್‌ವಿ ಸರಿಮಾಡದು. ಬದುಕಿದವರ ಮುಂದಿನ ಬಾಳು ಬಹುಮಟ್ಟಿಗೆ ನಿರ್ಧಾರವಾಗುವುದು ಆ ನಡುವಿನ ಹೊತ್ತಿನಲ್ಲಿ.

ಕೊಳಕುಮಂಡಲದಿಂದ ಶುರುಮಾಡೋಣ. ಗದ್ದೆ ಬದು, ಕಬ್ಬಿನ ತೋಟ, ಹುಲ್ಲಿನ ಮೆದೆ, ಎಲ್ಲ ಕಡೆಯೂ ಇರುವ ದಪ್ಪ ಮೈಯ ಹಾವು. ತುಳಿದರೆ ಓಡಿಹೋಗುವ ಜಾತಿಯಲ್ಲ, ಅಲ್ಲೇ ಕೂತು ಬುಸುಗುಟ್ಟಿ ಹೊಡೆಯುತ್ತದೆ. ಇದು ಕಚ್ಚಿದೆ ಎಂಬ ಅನುಮಾನವಿದ್ದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡುವ ಮೊದಲ ಪರೀಕ್ಷೆಗೆ ಯಂತ್ರ ಬೇಡ. ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಎರಡು ಮಿಲಿ ರಕ್ತ ಹಾಕಿ, ಹಾಸಿಗೆ ಪಕ್ಕದಲ್ಲೇ ಅಲುಗಾಡದಂತೆ 20 ನಿಮಿಷ ಇಡುತ್ತಾರೆ. ಆಮೇಲೆ ಒಂದೇ ಸಲ ಓರೆ ಮಾಡಿ ನೋಡುತ್ತಾರೆ. ಮಾಮೂಲಿ ರಕ್ತವಾದರೆ ಹೆಪ್ಪುಗಟ್ಟಿ ತಳಕ್ಕೆ ಅಂಟಿಕೊಂಡಿರುತ್ತದೆ. ವಿಷವೇರಿದ ರಕ್ತ ನಳಿಕೆಯ ಬಾಯಿಗೆ ಹರಿದು ಬರುತ್ತದೆ. ಪ್ಲಾಸ್ಟಿಕ್ ನಳಿಕೆ ನಡೆಯದು. ಸೋಪಿನ ಪುಡಿ ಹಾಕಿ ತೊಳೆದಿದ್ದರೂ ಫಲಿತಾಂಶ ಕೆಡುತ್ತದೆ. ಇಷ್ಟು ಸರಳವಾದ ಪರೀಕ್ಷೆ ಇಷ್ಟು ದೊಡ್ಡ ತೀರ್ಮಾನಕ್ಕೆ ಆಧಾರವಾಗುವುದು ವೈದ್ಯಶಾಸ್ತ್ರದಲ್ಲಿ ಅಪರೂಪ.

ರಕ್ತ ಹೆಪ್ಪುಗಟ್ಟದೆ ಇರುವುದಕ್ಕೆ ಕಾರಣ ಮೇಲ್ನೋಟಕ್ಕೆ ತಲೆಕೆಳಗು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳನ್ನು ನಾಶಮಾಡುವ ಮೊದಲು ಅವನ್ನು ಕೆರಳಿಸುತ್ತದೆ. ಮೈಯೆಲ್ಲ ಸಣ್ಣಸಣ್ಣ ಹೆಪ್ಪು ಕಟ್ಟಿ, ಇದ್ದಬದ್ದ ಸರಕೆಲ್ಲ ಅದಕ್ಕೇ ಖರ್ಚಾಗಿ, ಕೊನೆಗೆ ಗಾಯದ ಬಾಯಿ ಮುಚ್ಚಲು ಏನೂ ಉಳಿಯುವುದಿಲ್ಲ. ಇದೇ ಗುಣವನ್ನು ಮನುಷ್ಯ ಬಳಸಿಕೊಂಡಿದ್ದೂ ಉಂಟು. 1930ರ ದಶಕದಲ್ಲಿ ಇಂಗ್ಲೆಂಡಿನ ಆರ್.ಜಿ. ಮ್ಯಾಕ್‌ಫರ್ಲೇನ್ ಈ ವಿಷವನ್ನು ತೆಳುಮಾಡಿ, ಹಿಮೋಫಿಲಿಯಾ ಇರುವವರ ಗಾಯದಿಂದ ಒಸರುವ ರಕ್ತ ನಿಲ್ಲಿಸಲು ಹಚ್ಚಿ ತೋರಿಸಿದರು. ಮತ್ತೆ ಮತ್ತೆ ಗರ್ಭಪಾತವಾಗುವ ಹೆಂಗಸರಲ್ಲಿ ಕಾರಣ ಹುಡುಕಲು ದೊಡ್ಡ ಲ್ಯಾಬುಗಳಲ್ಲಿ ಮಾಡುವ ಒಂದು ರಕ್ತಪರೀಕ್ಷೆಗೆ ಇವತ್ತಿಗೂ ಕೊಳಕುಮಂಡಲದ ವಿಷವೇ ಬೇಕು.

ಮೈಯಲ್ಲಿ ಕಟ್ಟಿದ ಆ ಸಣ್ಣ ಹೆಪ್ಪುಗಳು ಹೋಗಿ ಕೂರುವ ಜಾಗಗಳಲ್ಲಿ ಮೂತ್ರಪಿಂಡ ಮೊದಲನೆಯದು. ಅಲ್ಲಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ, ಜೊತೆಗೆ ರಕ್ತದೊತ್ತಡ ಕುಸಿಯುತ್ತದೆ, ವಿಷವೂ ನೇರವಾಗಿ ಕೆಲಸ ಮಾಡುತ್ತದೆ. ಮೂತ್ರ ಕಡಿಮೆಯಾಗಿ, ಕೆಂಪಗಾಗಿ, ಕೆಲವರಲ್ಲಿ ಪೂರ್ತಿ ನಿಂತು ಡಯಾಲಿಸಿಸ್‌ಗೆ ಹಾಕಬೇಕಾಗುತ್ತದೆ. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಮೂತ್ರ ಮರಳುತ್ತದೆ. ಮೂತ್ರಪಿಂಡದ ಹೊರಪದರವೇ ಸತ್ತುಹೋದ ಕೆಲವು ನತದೃಷ್ಟರಿಗೆ ಡಯಾಲಿಸಿಸ್ ಕಾಯಂ. ಇವೆರಡೂ ಕಣ್ಣೆದುರೇ ಆಗುವ ಸಂಗತಿಗಳು. ನನಗೆ ಹೆಚ್ಚು ಚಿಂತೆಯೆನಿಸುವುದು ಇವೆರಡರ ಮಧ್ಯೆ ಇರುವವರದ್ದು: ಮೂತ್ರ ಮರಳಿದೆ, ಆದರೆ ಮೂತ್ರಪಿಂಡ ಮೊದಲಿನಂತಾಗಿಲ್ಲ. ಅವರಿಗೆ ನೋವಿಲ್ಲ, ಜ್ವರವಿಲ್ಲ. ಮೂತ್ರಪಿಂಡದ ಶಕ್ತಿ ಅರ್ಧಕ್ಕರ್ಧ ಕುಂದುವವರೆಗೂ ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ ಎದ್ದು ಕಾಣುವಂತೆ ಏರುವುದಿಲ್ಲ.

ಹೀಗೆ ಏಟು ತಿಂದ ಮೂತ್ರಪಿಂಡವನ್ನು ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷಿಸಬೇಕೆಂಬುದು ಮೂತ್ರಪಿಂಡ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ಬೇಕಾದದ್ದು ಮೂರೇ: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆ, ಬಿಪಿ. ಯಾವ ಸಣ್ಣ ಲ್ಯಾಬಿನಲ್ಲೂ ಆಗುವಂಥವು. ಆದರೆ ಮೂರು ತಿಂಗಳಿಗೆ ಬರಲು ಹೇಳುವವರು ಕಡಿಮೆ. ಹೇಳಿದರೂ ಆ ಹೊತ್ತಿಗೆ ಕೊಯ್ಲು ಬಂದಿರುತ್ತದೆ. ಅಷ್ಟರಲ್ಲಿ ಇನ್ನೊಂದು ಅಪಾಯ ಸದ್ದಿಲ್ಲದೆ ಶುರುವಾಗಿರುತ್ತದೆ. ದಿನವಿಡೀ ಬೆನ್ನು ಬಗ್ಗಿಸಿ ದುಡಿಯುವವರು ರಾತ್ರಿ ನಿದ್ದೆ ಬರಲೆಂದು ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ನುಂಗುವುದು ನಮ್ಮ ಹಳ್ಳಿಗಳಲ್ಲಿ ಟೀ ಕುಡಿದಷ್ಟು ಸಾಮಾನ್ಯ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಗಟ್ಟಿ ಮೂತ್ರಪಿಂಡಕ್ಕೇ ಭಾರ, ಒಮ್ಮೆ ಹಾವಿನ ವಿಷ ತಿಂದದ್ದಕ್ಕೆ ಹೇಳುವುದೇ ಬೇಡ. ಡಿಸ್ಚಾರ್ಜ್ ಚೀಟಿಯಲ್ಲಿ ಬೇರೇನೂ ಬರೆಯದಿದ್ದರೂ 'ನೋವಿನ ಮಾತ್ರೆ ನುಂಗಬೇಡಿ' ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟರೆ ಎಷ್ಟೋ ಮೂತ್ರಪಿಂಡಗಳು ಉಳಿದಾವು.

ಮಲೆನಾಡು, ಕರಾವಳಿಯವರಿಗೆ ಇಲ್ಲಿ ಒಂದು ಮಾತು ಹೆಚ್ಚಾಗಿ ಹೇಳಬೇಕು. ಅಡಿಕೆ, ರಬ್ಬರ್, ಕಾಫಿ ತೋಟದ ತರಗೆಲೆಯಲ್ಲಿ ಮಲಗಿರುವ, ಮೂತಿ ಮೇಲಕ್ಕೆ ಉಬ್ಬಿರುವ ಪುಟ್ಟ ಗುಳಿಮಂಡಲವನ್ನು ಜನ ಲೆಕ್ಕಕ್ಕಿಡುವುದಿಲ್ಲ. ಬಹಳಷ್ಟು ಸಲ ಅದರ ಕಡಿತ ಊತ, ನೋವಿನಲ್ಲೇ ಮುಗಿಯುವುದೂ ನಿಜ. ಆದರೆ ಕೆಲವರಲ್ಲಿ ಅದೂ ಮೂತ್ರಪಿಂಡ ಕೆಡಿಸುತ್ತದೆ, ನಮ್ಮಲ್ಲಿ ಸಿಗುವ ಎಎಸ್‌ವಿ ಅದರ ಮೇಲೆ ಕೆಲಸ ಮಾಡುವುದಿಲ್ಲ. ಇನ್ನು ನಾಲ್ಕು ಹಾವುಗಳ ವಿಷವೂ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಎಷ್ಟು ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿಕೊಟ್ಟಿದೆ. ಒಂದೇ ಪ್ರದೇಶದ ಹಾವುಗಳ ವಿಷದಿಂದ ಮಾಡಿದ ಔಷಧ ದೇಶಕ್ಕೆಲ್ಲ ಸಮನಾಗಿ ಒಗ್ಗುತ್ತದೆ ಎಂದು ನಂಬುವುದು ಇನ್ನು ಕಷ್ಟ.

ಇನ್ನೊಂದು ಪೆಟ್ಟು ಬೀಳುವುದು ಯಾರೂ ಊಹಿಸದ ಜಾಗಕ್ಕೆ. ಮಿದುಳಿನ ಬುಡದಲ್ಲಿ, ಮೂಗಿನ ಹಿಂದಕ್ಕೆ, ಬಟಾಣಿ ಕಾಳಿನಷ್ಟು ದೊಡ್ಡದಾದ, ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿ ಇದೆ. ಥೈರಾಯ್ಡ್, ಅಡ್ರಿನಲ್, ವೃಷಣ, ಅಂಡಾಶಯ ಎಲ್ಲವೂ ಕೆಲಸ ಮಾಡುವುದು ಇದರ ಅಪ್ಪಣೆಯ ಮೇಲೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಲ್ಲಿ ಈ ಗ್ರಂಥಿ ರಕ್ತವಿಲ್ಲದೆ ಸಾಯುವುದನ್ನು ಬ್ರಿಟನ್ನಿನ ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದರು. ಆ ಕಾಯಿಲೆಗೆ ಅವರ ಹೆಸರೇ ಇದೆ. ಐವತ್ತು ವರ್ಷದ ಮೇಲೆ, 1987ರಲ್ಲಿ, ಬರ್ಮಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರ ತಂಡವೊಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚರಿಯ ವರದಿ ಪ್ರಕಟಿಸಿತು. ಕೊಳಕುಮಂಡಲ ಕಚ್ಚಿ ಬದುಕಿದವರಲ್ಲೂ ಥೇಟ್ ಅದೇ ಕಾಯಿಲೆ. ಬಾಣಂತಿಯರ ಕಾಯಿಲೆ ಗಂಡಸರಲ್ಲಿ, ಗದ್ದೆ ಉಳುವ ಹುಡುಗರಲ್ಲಿ ಕಾಣಿಸಿಕೊಂಡಿತ್ತು. ಆಮೇಲೆ ಶ್ರೀಲಂಕಾದಿಂದ, ದಕ್ಷಿಣ ಭಾರತದಿಂದ ಇಂಥ ವರದಿಗಳು ಒಂದೊಂದಾಗಿ ಬರತೊಡಗಿದವು.

ಕೆಲವರಲ್ಲಿ ಇದು ಆಸ್ಪತ್ರೆಯಲ್ಲಿದ್ದಾಗಲೇ, ಏರದ ಬಿಪಿ ಮತ್ತು ಕುಸಿದ ಸಕ್ಕರೆಯಾಗಿ ಕಾಣುತ್ತದೆ. ಬಹಳಷ್ಟು ಮಂದಿಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಡ. ವರದಿಗಳನ್ನು ಓದುತ್ತಾ ಹೋದರೆ ಒಂದೇ ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಮೂವತ್ತೈದು ನಲವತ್ತರ ಗಂಡಾಳು. ಬೆಳಗ್ಗೆ ಏಳಲು ಆಗುವುದಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ಬಿಸಿಲಿಗೆ ಉಳಿದವರು ಬೆವರುವಾಗ ಇವನಿಗೆ ಚಳಿ. ವಾರಕ್ಕೊಮ್ಮೆ ಗಡ್ಡ ತೆಗೆಸುತ್ತಿದ್ದವನು ತಿಂಗಳಿಗೊಮ್ಮೆ ಹೋಗತೊಡಗುತ್ತಾನೆ, ಕ್ರಮೇಣ ಅದರ ಅಗತ್ಯವೂ ಬೀಳುವುದಿಲ್ಲ; ಕಂಕುಳ ಕೂದಲು ಉದುರುತ್ತದೆ. ಹೆಂಡತಿಯ ಜೊತೆಗಿನ ಸಂಬಂಧ ನಿಂತುಹೋಗಿ ವರ್ಷವಾಗಿರುತ್ತದೆ, ಅದನ್ನು ಯಾವ ವೈದ್ಯರ ಮುಂದೂ ಬಾಯಿಬಿಟ್ಟಿರುವುದಿಲ್ಲ. ಹೆಂಗಸಾದರೆ ಮುಟ್ಟು ನಿಲ್ಲುತ್ತದೆ, 'ಬೇಗ ನಿಂತಿತು' ಎಂದು ಮನೆಯವರು ಸುಮ್ಮನಾಗುತ್ತಾರೆ. ಮಕ್ಕಳಿಗೆ ಕಚ್ಚಿದ್ದರೆ ಇನ್ನೂ ಕಠೋರ: ಎತ್ತರ ನಿಂತುಬಿಡುತ್ತದೆ, ಓರಗೆಯವರು ಮೀಸೆ ಮೂಡಿಸಿಕೊಳ್ಳುವ ವಯಸ್ಸಿನಲ್ಲಿ ಇವನು ಮಗುವಾಗಿಯೇ ಉಳಿಯುತ್ತಾನೆ. ಊರಿನ ಕ್ಲಿನಿಕ್ಕಿನಲ್ಲಿ ಇಂಥವರಿಗೆ ಸಿಗುವುದು ಕಬ್ಬಿಣದ ಮಾತ್ರೆ, ಬಿ12 ಇಂಜೆಕ್ಷನ್, ತೀರಾ ಸುಸ್ತಾದಾಗ ಒಂದು ಬಾಟಲಿ ಗ್ಲೂಕೋಸ್. ಮನೆಯಲ್ಲಿ ಸಿಗುವುದು 'ಮೈಗಳ್ಳ' ಎಂಬ ಹೆಸರು. ಸಣ್ಣ ಜ್ವರ ಬಂದರೂ ಸಾಕು, ಮೈ ಅದನ್ನು ತಡೆದುಕೊಳ್ಳುವ ಹಾರ್ಮೋನು ಇಲ್ಲದೆ ಪ್ರಜ್ಞೆ ತಪ್ಪಿ ಬೀಳಬಹುದು, ಜೀವವೂ ಹೋಗಬಹುದು.

ಈ ಕಾಯಿಲೆಗೆ ಔಷಧವಿದೆ, ದುಬಾರಿಯೂ ಅಲ್ಲ ಎಂಬುದೇ ಇಲ್ಲಿ ಹೊಟ್ಟೆಗೆ ಸಂಕಟ ತರುವ ಮಾತು. ಬೆಳಗಿನ ಕಾರ್ಟಿಸೋಲ್, ಥೈರಾಯ್ಡ್, ಸೋಡಿಯಂ ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ಬಹಳಷ್ಟು ಮಂದಿ ದಿನಕ್ಕೆ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಮತ್ತು ಥೈರಾಕ್ಸಿನ್ ಮಾತ್ರೆಗಳ ಮೇಲೆ ಮೊದಲಿನಂತೆ ದುಡಿಯುವ ಮಟ್ಟಕ್ಕೆ ಬರುತ್ತಾರೆ. ಬೇಕಿದ್ದವರಿಗೆ ಲೈಂಗಿಕ ಹಾರ್ಮೋನು ಕೊಡುತ್ತಾರೆ. ಕೊಡುವ ಕ್ರಮ ಮಾತ್ರ ತಪ್ಪಬಾರದು. ಥೈರಾಯ್ಡ್ ಕಡಿಮೆಯಿದೆ ಎಂದು ಅದೊಂದನ್ನೇ ನೋಡಿ ಥೈರಾಕ್ಸಿನ್ ಮೊದಲು ಕೊಟ್ಟರೆ ಮೈಯಲ್ಲಿದ್ದ ಅಷ್ಟಿಷ್ಟು ಕಾರ್ಟಿಸೋಲೂ ಖರ್ಚಾಗಿ ರೋಗಿ ಕುಸಿಯಬಹುದು. ಸ್ಟೀರಾಯ್ಡ್ ಮೊದಲು, ಥೈರಾಕ್ಸಿನ್ ಆಮೇಲೆ. ಸ್ಟೀರಾಯ್ಡನ್ನು ತಾನಾಗಿ ನಿಲ್ಲಿಸುವಂತಿಲ್ಲ, ಜ್ವರ ಬಂದ ದಿನಗಳಲ್ಲಿ ವೈದ್ಯರು ಹೇಳಿಕೊಟ್ಟಂತೆ ಹೆಚ್ಚಿಸಬೇಕು. ಇಷ್ಟೆಲ್ಲ ತಿಳಿದಿದ್ದೂ ರೋಗ ಸಿಕ್ಕಿಬೀಳದಿರುವುದಕ್ಕೆ ಕಾರಣ ಒಂದೇ: 'ಎಂದಾದರೂ ಹಾವು ಕಚ್ಚಿತ್ತಾ?' ಎಂದು ಸುಸ್ತಿನ ರೋಗಿಯನ್ನು ಯಾರೂ ಕೇಳುವುದಿಲ್ಲ.

ನಾಗರಹಾವಿನ ದಾರಿಯೇ ಬೇರೆ. ಅದರ ವಿಷ ಉಸಿರು ನಿಲ್ಲಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಚ್ಚಿದ ಜಾಗದ ಮಾಂಸವನ್ನೇ ಕರಗಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೊಬ್ಬೆ ಎದ್ದು, ಚರ್ಮ ಕಪ್ಪಾಗಿ, ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ತೊಡೆಯ ಚರ್ಮ ತಂದು ಹೊಲಿದು, ಗಾಯ ಮಾಯಲು ತಿಂಗಳುಗಳೇ ಬೇಕು. ಎಎಸ್‌ವಿ ಇಲ್ಲಿ ಹೆಚ್ಚು ಕೈಹಿಡಿಯುವುದಿಲ್ಲ. ಮಂಡ್ಯ ಸೀಮೆಯ ಒಬ್ಬ ಹೆಣ್ಣುಮಗಳ ಬಲಗೈ ನೋಡಿದ್ದೆ. ಸೌದೆ ರಾಶಿಗೆ ಕೈ ಹಾಕಿದಾಗ ತೋರುಬೆರಳಿಗೆ ಕಚ್ಚಿದ್ದು. ಬೆರಳು ಉಳಿದಿದೆ, ಆದರೆ ಅಂಗೈ ಕಡೆಗೆ ಬಾಗಿ ಅಲ್ಲೇ ಗಟ್ಟಿಯಾಗಿದೆ. ಗಾಯವಾಗಿದ್ದ ಜಾಗದ ಚರ್ಮ ಹೊಳೆಯುತ್ತದೆ, ಸೆಳೆದುಕೊಂಡಿದೆ. ಎಡಗೈಯಲ್ಲಿ ಪೈರಿನ ಕಟ್ಟು ಹಿಡಿದು ಬಲಗೈಯ ಹೆಬ್ಬೆರಳು ತೋರುಬೆರಳ ಸಂದಿಯಿಂದ ಎರಡು ಮೂರು ಪೈರು ಬಿಡಿಸಿ ಕೆಸರಿಗೆ ಊರುವುದು ನಾಟಿಯ ಕೆಲಸ. ಬೆರಳು ನೆಟ್ಟಗಾಗದೆ ಪೈರು ಬಿಡಿಸಲು ಬರುವುದಿಲ್ಲ. 'ಆಳಿಗೆ ಸಮ ಸಾಲು ಹಿಡಿಯಕ್ಕೆ ಆಗಕಿಲ್ಲ ಕಣಣ್ಣ. ಮೊದಲ ವರ್ಸ ಪಾಪ ಅಂತ ಕರುದ್ರು, ಆಮ್ಯಾಕೆ ಕರೆಯಾದು ಬಿಟ್ರು' ಅಂದರು. ಕೈ ಇನ್ನೂ ಇದೆ, ಕೂಲಿ ಹೋಗಿದೆ. ಗಾಯ ಮಾಯುವ ವಾರಗಳಲ್ಲೇ ಬೆರಳನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ ಕಟ್ಟಿ, ದಿನವೂ ಬಗ್ಗಿಸಿ ಚಾಚುವ ವ್ಯಾಯಾಮ ಮಾಡಿಸಿದ್ದರೆ ಇಷ್ಟು ಸೆಳೆಯುತ್ತಿರಲಿಲ್ಲ. ಫಿಸಿಯೋಥೆರಪಿ ಮಾಡುವವರು ಇರುವುದು ಜಿಲ್ಲಾ ಕೇಂದ್ರದಲ್ಲಿ; ಅಲ್ಲಿಗೆ ವಾರಕ್ಕೆ ಮೂರು ಸಲ ಬಸ್ ಹತ್ತಿ ಹೋಗುವವರು ಯಾರು?

ಊನಕ್ಕೆಲ್ಲ ಹಾವನ್ನೇ ದೂರುವುದೂ ನ್ಯಾಯವಲ್ಲ. ವಿಷ ಮೇಲಕ್ಕೇರದಿರಲೆಂದು ಟವೆಲ್ಲನ್ನೋ ಹಗ್ಗವನ್ನೋ ಬಿಗಿದು ಕಟ್ಟುವ ಅಭ್ಯಾಸ ಇನ್ನೂ ಹೋಗಿಲ್ಲ. ರಕ್ತ ಹರಿಯದೆ ಕಾಲು ನೀಲಿಗಟ್ಟಿ ಕತ್ತರಿಸಬೇಕಾದ, ನರ ಸತ್ತು ಪಾದ ಜೋತುಬಿದ್ದ ಪ್ರಕರಣಗಳಲ್ಲಿ ಹಾವಿನ ಪಾಲೆಷ್ಟು, ಹಗ್ಗದ ಪಾಲೆಷ್ಟು ಎಂದು ಬಿಡಿಸಿ ಹೇಳುವುದೇ ಕಷ್ಟ. ಬ್ಲೇಡಿನಿಂದ ಕೊಯ್ದು ರಕ್ತ ಹಿಂಡುವುದು, ಹಸಿ ಸೊಪ್ಪಿನ ರಸ ಮೆತ್ತುವುದು, ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯುವುದು, ಎಲ್ಲವೂ ಕಚ್ಚಿದ ಗಳಿಗೆಯಿಂದ ಎಎಸ್‌ವಿ ಹತ್ತುವವರೆಗಿನ ಹೊತ್ತನ್ನು ಹಿಗ್ಗಿಸುತ್ತವೆ. ಓದಿದವರೂ ಇದಕ್ಕೆ ಹೊರತಲ್ಲ. ಊದಿದ ಕಾಲು ನೋಡಿ ಒಳಗೆ ಒತ್ತಡ ಹೆಚ್ಚಿದೆಯೆಂದು ಅವಸರದಲ್ಲಿ ಉದ್ದಕ್ಕೆ ಸೀಳಿ ಬಿಡುವ ಶಸ್ತ್ರಚಿಕಿತ್ಸೆ ಹಾವು ಕಡಿತದಲ್ಲಿ ನಿಜಕ್ಕೂ ಬೇಕಾಗುವುದು ಅಪರೂಪ. ಒತ್ತಡವನ್ನು ಅಳೆಯದೆ, ರಕ್ತ ಹೆಪ್ಪುಗಟ್ಟುವ ಗುಣ ಮರಳುವ ಮುಂಚೆ ಕೊಯ್ದರೆ ಹಾವು ಕೊಡದ ಗಾಯವನ್ನು ನಾವೇ ಕೊಟ್ಟಂತೆ.

ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ಕಚ್ಚಿದ್ದು ಗೊತ್ತಾಗದಷ್ಟು ಸಣ್ಣ ಗುರುತು. ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ, ಅದು ಮತ್ತೆ ಚಿಗುರುವವರೆಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವೆಂಟಿಲೇಟರ್ ಬೇಕು. ಉಸಿರು ನಿಲ್ಲುವ ಮೊದಲು ಆಸ್ಪತ್ರೆ ಸೇರಿದವರು ಬಹುಪಾಲು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ದಾರಿಯಲ್ಲೇ ಮಿದುಳಿಗೆ ಆಮ್ಲಜನಕ ತಪ್ಪಿದವರ ಮಾತು ಬೇರೆ. ಮಂಡಲದ ಹಾವುಗಳ ಕಡಿತದಲ್ಲಿ ಮಿದುಳಿನೊಳಗೆ ರಕ್ತ ಸೋರಿ ಪಾರ್ಶ್ವವಾಯು ಆದವರೂ ಇದ್ದಾರೆ.

ಇನ್ನು ಮನಸ್ಸು. ಶ್ರೀಲಂಕಾದಲ್ಲಿ ಹಾವಿನ ವಿಷದಿಂದ ಪಾರಾದ 88 ಮಂದಿಯನ್ನು ಒಂದರಿಂದ ನಾಲ್ಕು ವರ್ಷಗಳ ನಂತರ ಮಾತಾಡಿಸಿ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಯುದ್ಧ ನೋಡಿದ ಸೈನಿಕರಲ್ಲಿ ಕಾಣುವಂಥ, ಆಘಾತದ ನಂತರದ ಒತ್ತಡದ ಕಾಯಿಲೆ ಇತ್ತು. ಹಗ್ಗ ಕಂಡರೆ ಬೆಚ್ಚುವುದನ್ನು ನಾವು ನಗುವ ವಿಷಯ ಮಾಡಿಕೊಂಡಿದ್ದೇವೆ. ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗಲು ಆಗದ, ಹಾಸಿಗೆಯನ್ನು ಮೂರು ಸಲ ಕೊಡವಿದರೂ ನಿದ್ದೆ ಬಾರದ, ಹೊಲವಿದ್ದೂ ಹೊಲಕ್ಕೆ ಇಳಿಯಲಾಗದ ರೈತನಿಗೆ ಅದು ನಗೆಯಲ್ಲ, ಹೊಟ್ಟೆಪಾಡು.

ನಮ್ಮಲ್ಲಿ ಈ ಭಯಕ್ಕೆ ಇನ್ನೊಂದು ಮಗ್ಗುಲಿದೆ. ಹಾವು ಇಲ್ಲಿ ಬರೀ ಪ್ರಾಣಿಯಲ್ಲ, ನಾಗಪ್ಪ. ಕಚ್ಚಿದನೆಂದರೆ ಏನೋ ತಪ್ಪಾಗಿದೆ: ಅಜ್ಜನ ಕಾಲದಲ್ಲಿ ಹುತ್ತ ಅಗೆದಿರಬೇಕು, ಬನದ ಮರ ಕಡಿದಿರಬೇಕು, ಹರಕೆ ತಪ್ಪಿಸಿರಬೇಕು. ಆಸ್ಪತ್ರೆ ಬಿಲ್ಲಿಗೆ ಮಾಡಿದ ಸಾಲದ ಮೇಲೆ ಆಶ್ಲೇಷ ಬಲಿಗೋ ಸರ್ಪಸಂಸ್ಕಾರಕ್ಕೋ ಇನ್ನೊಂದು ಸಾಲ ಸೇರುವುದುಂಟು. ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಹರಕೆ ತೀರಿಸಿ ಬಂದ ಮೇಲೆ ಎದೆ ಹಗುರವಾಯಿತು ಎಂದವರ ಮಾತನ್ನು ನಂಬುತ್ತೇನೆ. ತಕರಾರಿರುವುದು, ಕಚ್ಚಿಸಿಕೊಂಡವನನ್ನೇ ಅಪರಾಧಿಯ ಜಾಗದಲ್ಲಿ ನಿಲ್ಲಿಸುವ ಮಾತಿನ ಬಗ್ಗೆ. ಮೈಯಲ್ಲಿ ಹಾರ್ಮೋನಿಲ್ಲದೆ ಬಳಲುತ್ತಿರುವವನಿಗೆ 'ದೋಷ ಇನ್ನೂ ಕಳೆದಿಲ್ಲ' ಎಂದು ಹೇಳಿ ಕಳಿಸಿದರೆ ಅವನು ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತಾನೆ, ಆಸ್ಪತ್ರೆಗೆ ಬರುವುದಿಲ್ಲ. ನಿದ್ದೆಗೆಟ್ಟವರು, ಭಯ ಬಿಡದವರು ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ಕರೆಗೆ ದುಡ್ಡಿಲ್ಲ.

ದುಡ್ಡಿನ ಮಾತು ಬಂತು. ತಮಿಳುನಾಡಿನ ಹಳ್ಳಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಚಿಕಿತ್ಸೆಯ ಖರ್ಚಿಗಾಗಿ ಜನ ದನ ಮಾರಿದ್ದು, ಒಡವೆ ವಾಹನ ಮಾರಿದ್ದು, ಮಕ್ಕಳ ಓದು ಬಿಡಿಸಿದ್ದು ದಾಖಲಾಗಿದೆ. ಗಡಿಯ ಈಚೆಗೆ ಬಂದರೆ ಕಥೆ ಬೇರೆಯಾಗಿರಲು ಕಾರಣವೇ ಇಲ್ಲ.

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಪ್ರಕರಣ ಮತ್ತು ಸಾವು ಎರಡನ್ನೂ ತಿಳಿಸಬೇಕು. ಮರುತಿಂಗಳೇ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಕ್ರಿಯಾ ಯೋಜನೆ ಹೊರತಂದಿತು, 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಗುರಿಯಿಟ್ಟು. ಒಳ್ಳೆಯ ಹೆಜ್ಜೆಗಳೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಕಾರ್ಯಸೂಚಿಯಲ್ಲಂತೂ ಸಾವಿನ ಜೊತೆ ಊನವನ್ನೂ ಅರ್ಧ ಮಾಡುವ ಮಾತಿದೆ. ಇವತ್ತು ಎಷ್ಟಿದೆ ಎಂದೇ ಎಣಿಸದೆ ಅರ್ಧ ಮಾಡುವುದು ಹೇಗೆ? ಪ್ರಕರಣ ವರದಿಯಾದ ದಿನವೇ ಕಡತ ಮುಚ್ಚುವ ಬದಲು, ಅದೇ ವಿಳಾಸಕ್ಕೆ ಮೂರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ ಆಶಾ ಕಾರ್ಯಕರ್ತೆ ಹೋಗಿ ಬಂದರೆ ಆ ಲೆಕ್ಕ ತಾನಾಗಿ ಸಿಗುತ್ತದೆ. ಬಿಪಿ ಶುಗರ್ ಪರೀಕ್ಷೆಗೆಂದು ಮನೆಬಾಗಿಲಿಗೆ ಹೋಗುವ ವ್ಯವಸ್ಥೆಯನ್ನೂ ನಮ್ಮ ಆರೋಗ್ಯ ಇಲಾಖೆ ಕಟ್ಟುತ್ತಿದೆ. ಹಾವಿನ ಪ್ರಶ್ನೆಯೊಂದನ್ನು ಆ ಫಾರಂಗೆ ಸೇರಿಸಲು ಹೊಸ ಇಲಾಖೆಯೇನೂ ಬೇಡ. ಜೊತೆಗೆ ಆಶಾ ಕಾರ್ಯಕರ್ತೆಯರಿಗೆ ಕೆಲಸ ಹಂಚುವವರು ಅವರ ಗೌರವಧನವನ್ನೂ ಹೆಚ್ಚಿಸಬೇಕು, ಆ ಮಾತು ಇದ್ದದ್ದೇ.

ಕಾನೂನಿನಲ್ಲೂ ಒಂದು ಕಂದರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಊನಗಳನ್ನು ಪಟ್ಟಿ ಮಾಡುತ್ತದೆ. ಕಾಲು ಕಳೆದುಕೊಂಡವರು ಅದರಲ್ಲಿ ಬರುತ್ತಾರೆ. ಮೂತ್ರಪಿಂಡ ಕಳೆದುಕೊಂಡು ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕೈಕೊಟ್ಟು ಮಲಗುವವರು ಬರುವುದಿಲ್ಲ. ಡಯಾಲಿಸಿಸ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬಹುದು. ಆ ದಿನಗಳ ಕೂಲಿ, ಜೊತೆಗೆ ಬರುವವರ ಕೂಲಿ, ಬಸ್ ಚಾರ್ಜು ಕೊಡುವವರಿಲ್ಲ. ಊನ ಪ್ರಮಾಣಪತ್ರ ಇದ್ದಿದ್ದರೆ ಮಾಸಾಶನಕ್ಕಾದರೂ ಅರ್ಜಿ ಹಾಕಬಹುದಿತ್ತು.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಬಹಳ ಮಂದಿಗೆ ಇರುತ್ತದೆ, ಇರುವುದೇ ಗೊತ್ತಿರುವುದಿಲ್ಲ. 18ರಿಂದ 70 ವರ್ಷದವರಿಗೆ ಅದು ಅಪಘಾತ ವಿಮೆ, ಹಾವು ಕಡಿತವೂ ಅದರಲ್ಲಿ ಅಪಘಾತವೇ. ಸಾವಿಗೆ 2 ಲಕ್ಷ. ಒಂದು ಕೈ ಅಥವಾ ಒಂದು ಪಾದ ಪೂರ್ತಿ ನಿಷ್ಪ್ರಯೋಜಕವಾದರೆ 1 ಲಕ್ಷ. ರಸ್ತೆ ಅಪಘಾತಕ್ಕೆ ಕೇಳುವಂತೆ ಇದಕ್ಕೆ ಪೊಲೀಸ್ ದೂರೇ ಬೇಕೆಂದಿಲ್ಲ, ಆದರೆ ಹಾವು ಕಚ್ಚಿದ ಕೂಡಲೇ ದಾಖಲಾದ ಆಸ್ಪತ್ರೆಯ ಕಾಗದ ಬೇಕು. ಮೂತ್ರಪಿಂಡದ ವೈದ್ಯರಿಗೆ, ಹಾರ್ಮೋನಿನ ವೈದ್ಯರಿಗೆ ಬೇಕಾದದ್ದೂ ಅದೇ ಕಾಗದ: ಯಾವ ದಿನ ಕಚ್ಚಿತು, ಯಾವ ಹಾವೆಂದು ಅಂದಾಜು, ಎಷ್ಟು ವಯಲ್ ಎಎಸ್‌ವಿ ಹೋಯಿತು, ಮನೆಗೆ ಕಳಿಸುವಾಗ ಕ್ರಿಯಾಟಿನಿನ್ ಎಷ್ಟಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಈ ನಾಲ್ಕು ಇವೆಯೇ ಎಂದು ವಾರ್ಡಿನಿಂದ ಹೊರಡುವ ಮುಂಚೆ ಕೇಳಿ ಬರೆಸಿಕೊಳ್ಳಬೇಕು. ಲ್ಯಾಬಿನ ರಸೀದಿ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಎಲ್ಲದರ ಫೋಟೋ ತೆಗೆದು ಮನೆಯಲ್ಲಿ ಇಬ್ಬರ ಮೊಬೈಲಿನಲ್ಲಾದರೂ ಇಟ್ಟಿರಬೇಕು.